ಕಾಯಿ ಎಣಿಸುವ ದನಿ

ಆಪರೇಷನ್ ಆದ ಮೇಲೆ ನನಗೆ ಮೊಟ್ಟಮೊದಲು ಹೊಟ್ಟೆಕಿಚ್ಚು ಬಂದದ್ದು ಒಂದು ಹಲ್ಲಿಯ ಮೇಲೆ. ಆಸ್ಪತ್ರೆಯ ಮಂಚದಲ್ಲಿ ಕಣ್ಣು ಬಿಟ್ಟು, ನೀರು ಕೇಳೋಣವೆಂದು ಬಾಯಿ ತೆರೆದೆ. ಬರೀ ಗಾಳಿ ಬಂತು. ಇನ್ನೊಮ್ಮೆ ತೆರೆದೆ, ಮತ್ತೆ ಗಾಳಿ. ಅದೇ ಹೊತ್ತಿಗೆ ಟ್ಯೂಬ್‌ಲೈಟಿನ ಪಕ್ಕದಲ್ಲಿದ್ದ ಹಲ್ಲಿ ಲೊಚ ಲೊಚ ಎಂದಿತು. ಪಕ್ಕದ ಮಂಚದ ಹೆಂಗಸು, "ಒಳ್ಳೇ ಶಕುನ ಕಣ್ರೀ" ಎಂದಳು. ಹೆಬ್ಬೆರಳಷ್ಟು ಉದ್ದವಿಲ್ಲದ ಪ್ರಾಣಿಗೆ ದನಿ ಇದೆ, ನನಗಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು.

ಕತ್ತಿನಲ್ಲಿ ಗಂಟಿದೆ ಎಂದು ಗೊತ್ತಾದದ್ದು ಕರಿಮಣಿಯಿಂದ. ನೆಟ್ಟಗೆ ಕೂರಬೇಕಾದ ಸರ ಒಂದು ಕಡೆಗೆ ಜಾರಿ ಜಾರಿ ಹೋಗುತ್ತಿತ್ತು. ನಾನು ಸರ ಹಳೆಯದಾಯಿತು ಎಂದುಕೊಂಡು ಎರಡು ಬಾರಿ ಪೋಣಿಸಿದೆ. ತಿಪಟೂರಿನ ಡಾಕ್ಟರು ಬೆರಳಿಟ್ಟು ನೋಡಿ ತುಮಕೂರಿಗೆ ಕಳಿಸಿದರು. ತುಮಕೂರಿನವರು ಥೈರಾಯ್ಡ್ ಪೂರ್ತಿ ತೆಗೆಯಬೇಕು ಎಂದರು. ದನಿಯ ನರ ಆ ಗಂಟಿಗೆ ಒತ್ತಿಕೊಂಡೇ ಹೋಗುತ್ತದೆ, ಸ್ವಲ್ಪ ದಿನ ದನಿಗೆ ತೊಂದರೆಯಾದರೂ ಆಗಬಹುದು ಎಂದು ಮೊದಲೇ ಹೇಳಿದ್ದರು. ನಾನು ನೆಗಡಿ ಬಂದಾಗ ಗಂಟಲು ಕಟ್ಟುತ್ತದಲ್ಲ, ಹಾಗೆ ಎಂದುಕೊಂಡಿದ್ದೆ.

ಆಪರೇಷನ್ ಕೋಣೆಯಲ್ಲಿ ಮುಖಕ್ಕೆ ಮಾಸ್ಕ್ ಹಿಡಿದವರು, "ಹತ್ತರವರೆಗೆ ಎಣಿಸಿ ಅಮ್ಮಾ" ಎಂದರು. ನಾನು ಎಣಿಸಿದೆ: "ಲಾಭ, ಎರಡು, ಮೂರು..."

"ಲಾಭ ಅಂದ್ರೇನಮ್ಮಾ? ಒಂದು ಅನ್ನಿ" ಎಂದು ಯಾರೋ ನಕ್ಕದ್ದು ಕೇಳಿಸಿತು. ಅಷ್ಟರಲ್ಲಿ ನನಗೆ ನಿದ್ದೆ ಬಂತು. ಹುಟ್ಟಿದಂದಿನಿಂದ ನನ್ನ ಜೊತೆಗಿದ್ದ ದನಿಯಲ್ಲಿ ನಾನು ಆಡಿದ ಕೊನೆಯ ಮಾತು ಅದು.

ಒಂದು ಎಂದು ಶುರುಮಾಡುವುದು ನನಗೆ ಬರುವುದೇ ಇಲ್ಲ. ನಮ್ಮ ಮನೆಗಳಲ್ಲಿ ಬೆಳೆ ಎಣಿಸುವಾಗ, ರಾಗಿ ಅಳೆಯುವಾಗ, ಮೊದಲನೆಯದನ್ನು ಯಾರೂ ಒಂದು ಎನ್ನುವುದಿಲ್ಲ. ಮೊದಲನೆಯದು ಲಾಭ, ಆಮೇಲೆ ಎರಡು. ನಮ್ಮೂರು ಹೊನ್ನವಳ್ಳಿ ದಾಟಿ ಸ್ವಲ್ಪ ಒಳಗೆ. ತೋಟದಲ್ಲಿ ಕೆಡವಿದ ತೆಂಗಿನಕಾಯನ್ನು ಅಂಗಳದಲ್ಲಿ ರಾಶಿ ಹಾಕಿ, ಎಣಿಸಿ ಅಟ್ಟಕ್ಕೆ ಏರಿಸುತ್ತೇವೆ. ಅಲ್ಲಿ ಅದು ವರ್ಷದ ಹತ್ತಿರ ಒಣಗಿ ಕೊಬ್ಬರಿಯಾಗುತ್ತದೆ. ಎಣಿಸುವಾಗ ಗಂಡಸರು ಎರಡು ಕೈಯಲ್ಲಿ ಒಂದು ಜೋಡಿ ಕಾಯಿ ಎತ್ತಿ ಎಸೆಯುತ್ತಾರೆ. ಒಂದೊಂದು ಜೋಡಿಗೂ ಒಬ್ಬಳು ಎಣಿಕೆಯನ್ನು ಕೂಗಬೇಕು. ಇನ್ನೊಬ್ಬಳು ಅದನ್ನೇ ತಿರುಗಿ ಹೇಳಿ ಓಗೊಡಬೇಕು. ಐವತ್ತು ಜೋಡಿಯಾಗಿ ನೂರು ಕಾಯಾದರೆ ಒಂದು ಕಾಯನ್ನು ಗುರುತಿಗೆ ಪಕ್ಕಕ್ಕಿಟ್ಟು, ಮತ್ತೆ ಲಾಭದಿಂದ ಶುರು. ಕೂಗುವವಳು ನಡುವೆ ಬೇರೆ ಮಾತಾಡುವಂತಿಲ್ಲ, ಕೆಮ್ಮುವಂತಿಲ್ಲ. ಲೆಕ್ಕ ಇರುವುದು ದನಿಯಲ್ಲಿ.

ಕೂಗುವವಳು ಮನೆಯ ಹಿರೀ ಸೊಸೆಯೇ ಆಗಬೇಕು. ಈ ಕೂಗುವ ಕೆಲಸವನ್ನು ನಮ್ಮತ್ತೆಗೆ ಅವರತ್ತೆ ಕೊಟ್ಟಿದ್ದರು, ನಮ್ಮತ್ತೆ ನನಗೆ ಕೊಟ್ಟರು. ನಾನು ಸಂಪಿಗೆ ಊರಿನ ಕಡೆಯವಳು, ಗಂಟಲು ಒಳ್ಳೆಯದಿತ್ತು. ಜಂಬ ಎಂದುಕೊಂಡರೂ ಸರಿ, ಹೇಳಿಬಿಡುತ್ತೇನೆ: ನಾನು "ಲಾಭ" ಎಂದು ಎತ್ತಿದರೆ ಕೆರೆ ಏರಿಯ ಮೇಲೆ ಹೋಗುವವರು ಸೈಕಲ್ಲು ನಿಲ್ಲಿಸುತ್ತಿದ್ದರು. ಮೊದಲು ಸ್ವಲ್ಪ ಎಳೆದು, ಮೇಲಕ್ಕೆ ಹತ್ತಿಸಿ, ಭ ಅಕ್ಷರವನ್ನು ಪಟ್ಟನೆ ಬಿಡುತ್ತಿದ್ದೆ. ನನಗೆ ಓಗೊಡುತ್ತಿದ್ದವಳು ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಹುಳಿಯಾರು ಕಡೆಯವಳು. ಮದುವೆಯಾಗಿ ಬಂದಾಗ ಅವಳದ್ದು ಸಂತೆಯಲ್ಲಿ ಕುರಿ ಕೂಗಿದ ಹಾಗಿನ ದನಿ. ಇಷ್ಟು ವರ್ಷ ನನ್ನ ಎಣಿಕೆಯನ್ನು ತಿರುಗಿ ಹೇಳುತ್ತಾ ಹೇಳುತ್ತಾ ಅವಳು ಏನು ಕಲಿಯುತ್ತಿದ್ದಾಳೆಂದು ನಾನು ಯೋಚಿಸಿರಲೇ ಇಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದಾಗ ಕತ್ತಿಗೆ ಪಟ್ಟಿ, ಬೆಳಿಗ್ಗೆ ಬರೀ ಹೊಟ್ಟೆಗೆ ಒಂದು ಮಾತ್ರೆ, ಬೆರಳು ಜುಮ್ಮೆನ್ನದಂತೆ ಕ್ಯಾಲ್ಸಿಯಂ ಮಾತ್ರೆ. ಗುಟುಕು ನೀರು ಕುಡಿದರೂ ನೆತ್ತಿಗೆ ಹತ್ತುತ್ತಿತ್ತು. ನರ ಕಿತ್ತುಹೋಗಿಲ್ಲ, ಜೋಮು ಹಿಡಿದಿದೆ, ಏಳುವುದಕ್ಕೆ ತಿಂಗಳುಗಳೇ ಬೇಕಾಗಬಹುದು ಎಂದಿದ್ದರು ಡಾಕ್ಟರು. ನೋಡುವುದಕ್ಕೆ ಬಂದ ಜನ ನನ್ನ ಜೊತೆ ತಾವೂ ಪಿಸುಗುಟ್ಟಿದರು. ಇನ್ನು ಕೆಲವರು ನನಗೆ ಕಿವಿಯೇ ಹೋಗಿದೆ ಎಂಬಂತೆ ಕಿರುಚಿದರು. ಹೊರಗೆ ಹೋಗಿ ಜಗಲಿಯಲ್ಲಿ ಕೂತು ತಮ್ಮ ಮಾಮೂಲಿ ಗಂಟಲಲ್ಲಿ ಹರಟಿದರು. ಬೀದಿಯಲ್ಲಿ ಇಬ್ಬರು ಹೆಂಗಸರು ನಲ್ಲಿ ನೀರಿಗೆ ಜಗಳವಾಡಿದರೆ ನನಗೆ ಅವರ ಗಂಟಲಿನ ಮೇಲೆ ಆಸೆ. ಎಂಥಾ ಚೆಂದದ ಬೈಗುಳ, ಎಷ್ಟು ಸಲೀಸಾಗಿ ಬರುತ್ತಿದೆ ಎಂದು ಕಿಟಕಿಯಲ್ಲಿ ನಿಂತು ಕರುಬುತ್ತಿದ್ದೆ.

ನಮ್ಮತ್ತೆಗೆ ಆ ಹೊತ್ತಿಗಾಗಲೇ ಕಣ್ಣು ಮಂಜಾಗಿತ್ತು, ಅರಳುಮರಳೂ ಶುರುವಾಗಿತ್ತು. ನಿನ್ನೆಯದು ಇವತ್ತು ನೆನಪಿರುತ್ತಿರಲಿಲ್ಲ. ಆದರೆ ಕಿವಿ ಚುರುಕು. ಮನೆಯವರನ್ನೆಲ್ಲ ದನಿಯಿಂದಲೇ ಗುರುತಿಸುತ್ತಿದ್ದರು. ನಾನು ಹೋಗಿ ಕಾಲು ಮುಟ್ಟಿ, "ಅತ್ತೆ, ನಾನು ಬಂದೆ" ಎಂದು ಗಾಳಿಯಲ್ಲಿ ಹೇಳಿದೆ.

"ಯಾರವ್ವಾ ನೀನು? ಯಾರ ಕಡೆಯೋಳು?" ಎಂದರು.

"ದೊಡ್ಡೋಳು ಕಣತ್ತೆ."

"ದೊಡ್ಡೋಳು ಒಳಗವ್ಳೆ. ಊಟ ಮಾಡ್ಕೊಂಡ್ ಹೋಗವ್ವ."

ಅತ್ತೆ ಮಾತಿಗೆ ಗಂಡ, ಮೈದುನ ಇಬ್ಬರೂ ನಕ್ಕರು. ನನಗೂ ಆಗ ನಗುವೇ ಬಂತು. ನಗುವುದಕ್ಕೂ ಶಬ್ದ ಬರಲಿಲ್ಲ.

ಆ ಬಾರಿಯ ಕಾಯಿ ಅಂಗಳಕ್ಕೆ ಬಿದ್ದ ದಿನ ನಾನು ಬೇಗ ಎದ್ದು, ಬಿಸಿನೀರು ಕುಡಿದು, ಟವೆಲ್ಲು ಸುತ್ತಿಕೊಂಡು ರಾಶಿಯ ಪಕ್ಕದಲ್ಲಿ ನನ್ನ ಜಾಗದಲ್ಲಿ ನಿಂತೆ. ಏಕೆ ನಿಂತೆನೋ ದೇವರಿಗೇ ಗೊತ್ತು. ಗಂಡ ನನ್ನ ಮುಖ ನೋಡದೆ ವಾರಗಿತ್ತಿಗೆ, "ನೀನೇ ಎಣಿಸವ್ವಾ ಈ ಸಲ" ಎಂದ. ಅವಳು, "ಅಕ್ಕ, ಎಣಿಸ್ಲಾ?" ಎಂದು ಕೇಳಿದಳು. ಬೇಡ ಎನ್ನುವುದಕ್ಕೆ ನನಗೆ ದನಿಯಿದ್ದಿದ್ದರೆ ಅವಳು ಕೇಳಬೇಕಾಗಿಯೇ ಇರಲಿಲ್ಲ. ನಾನು ತಲೆಯಾಡಿಸಿದೆ.

ಅವಳು ಸೆರಗು ಸಿಕ್ಕಿಸಿ, ಕತ್ತೆತ್ತಿ, "ಲಾಭ" ಎಂದಳು.

ಅದು ನನ್ನ ದನಿ. ಎಳೆದದ್ದು, ಮೇಲಕ್ಕೆ ಹತ್ತಿಸಿದ್ದು, ಕೊನೆಯಲ್ಲಿ ಬಿಟ್ಟದ್ದು, ಎಲ್ಲ ನನ್ನದೇ. ಇಪ್ಪತ್ತು ದಾಟಿದ ಮೇಲೆ ನಾನು ಉಸಿರು ಕದಿಯುತ್ತಿದ್ದ ಜಾಗದಲ್ಲೇ ಅವಳೂ ಉಸಿರು ತೆಗೆದುಕೊಂಡಳು. ಮೈದುನ ಗೊರಗೊರ ಗಂಟಲಲ್ಲಿ ಓಗೊಡುತ್ತಿದ್ದ. ಜಗಲಿಯಲ್ಲಿ ಗುರುತಿನ ಕಾಯಿಯ ಬುಟ್ಟಿಯನ್ನು ಕಾಲ ನಡುವೆ ಇಟ್ಟುಕೊಂಡು ಕೂತಿದ್ದ ಅತ್ತೆ, ಒಂದೊಂದು ಕಾಯನ್ನೂ ತಡವಿ ನೋಡುತ್ತಾ, "ನಮ್ ದೊಡ್ಡೋಳ ಗಂಟ್ಲು ಅಂದ್ರೆ ಗಂಟ್ಲು ಕಣ್ರಪ್ಪ" ಎಂದರು. ವಾರಗಿತ್ತಿ ತಿದ್ದಲಿಲ್ಲ. ಎಣಿಕೆಯ ನಡುವೆ ಮಾತಾಡುವಂತಿಲ್ಲವಲ್ಲ, ಅದಕ್ಕೆ ಎಂದುಕೊಂಡೆ. ಎಣಿಕೆ ಮುಗಿದ ಮೇಲೂ ತಿದ್ದಲಿಲ್ಲ.

ಅಂದಿನಿಂದ ಅತ್ತೆಗೆ ಅವಳೇ ದೊಡ್ಡೋಳು. "ದೊಡ್ಡೋಳೆ, ಎಲೆ ಅಡಿಕೆ ಕೊಡು." "ದೊಡ್ಡೋಳೆ, ಬೆನ್ನು ತಿಕ್ಕು." ನಾನು ಎಲೆ ಅಡಿಕೆ ಒಯ್ದರೆ ಯಾರ ಕಡೆಯೋಳವ್ವ ಎನ್ನುತ್ತಿದ್ದರು. ಮನೆಗೆ ಬಂದ ನೆಂಟಳು ಬಹಳ ದಿನ ಉಳಿದುಬಿಟ್ಟಳಲ್ಲ ಎಂಬ ಅನುಮಾನವೂ ಅವರಿಗೆ ಇದ್ದಂತಿತ್ತು. ಗಂಡ, "ವಯಸ್ಸಾದೋರು, ಬುಡು" ಎನ್ನುತ್ತಿದ್ದ. ಬಿಡುವುದು ಅಷ್ಟು ಸುಲಭವೇ? ಅವಳು ಅಡುಗೆಮನೆಯಲ್ಲಿ ಹಾಲಿನವನನ್ನು ಕೂಗಿದರೆ ನನ್ನ ಕರುಳಿಗೆ ಖಾರ ಅರೆದಂತಾಗುತ್ತಿತ್ತು. ಫೋನಿನಲ್ಲಿ ತವರಿನವರ ಜೊತೆ ನಗುತ್ತಾ ಮಾತಾಡಿದರೆ, ನನ್ನ ಗಂಟಲನ್ನು ಇಷ್ಟು ದುಂದು ಮಾಡುತ್ತಿದ್ದಾಳಲ್ಲ ಎಂದು ಸಂಕಟವಾಗುತ್ತಿತ್ತು. ಅವಳು ಮಾಡಿದ ಸಾರಿಗೆ ಉಪ್ಪು ಜಾಸ್ತಿ ಎಂದು ಸನ್ನೆ ಮಾಡುತ್ತಿದ್ದೆ. ಉಪ್ಪು ಸರಿಯಾಗಿಯೇ ಇರುತ್ತಿತ್ತು.

ದನಿ ಕಲಿಸುವ ಮೇಡಂ ತುಮಕೂರಿನಲ್ಲಿದ್ದರು. ಚಿಕ್ಕ ವಯಸ್ಸಿನವರು, ತಾಳ್ಮೆ ಜಾಸ್ತಿ. ಪಿಸುಗುಟ್ಟಬೇಡಿ, ಅದರಿಂದ ಗಂಟಲು ಇನ್ನೂ ಬಳಲುತ್ತದೆ ಎಂದರು. ನೀರಿಗೆ ಸ್ಟ್ರಾ ಇಟ್ಟು ಊ ಎಂದು ಊದಬೇಕು, ಗುಳ್ಳೆ ನಿಲ್ಲಬಾರದು, ದಿನಾ ಮಾಡಿ ಎಂದರು. ನಮ್ಮ ಮನೆಯಲ್ಲಿ ಲೋಟಕ್ಕೇನು ಬರವಿರಲಿಲ್ಲ, ಆದರೆ ಲೋಟದೆದುರು ಕೂತು ಊದುತ್ತಿದ್ದರೆ ನೋಡಿದವರು ನಗುತ್ತಾರೆ. ಎಳನೀರಿಗೆ ಸ್ಟ್ರಾ ಹಾಕಿಕೊಂಡು ತೋಟದಲ್ಲಿ ಕೂತರೆ ಯಾರೂ ಕೇಳುವುದಿಲ್ಲ. ಹಾಗೆ ಕೆಳಗಿನ ತೋಟದ ಬಾವಿಕಟ್ಟೆಯ ಮೇಲೆ ಕೂತು ಊದಿದೆ. ಮೊದಲು ಬರೀ ಗುಳ್ಳೆ. ಆಮೇಲೆ ಗುಳ್ಳೆಯ ಜೊತೆ ಜೀರುಂಡೆಯಂಥ ಒಂದು ಸದ್ದು. ಪಕ್ಕದ ತೋಟದವನು ಒಂದು ದಿನ ಬೇಲಿಯಾಚೆ ನಿಂತು, "ಏನ್ ಅಕ್ಕಾರೇ, ಎಳನೀರ್ ಕುಡೀತಾ ಇದ್ದೀರೋ, ತುಂಬಿಸ್ತಾ ಇದ್ದೀರೋ?" ಎಂದು ಕೇಳಿದ. ಅವನದೂ ಎಂಥಾ ಗಟ್ಟಿ ಗಂಟಲು, ಹಾಳಾದವನದ್ದು.

ಒಮ್ಮೆ ಮೇಡಂ, "ನಿಮ್ಮ ಹಳೇ ದನಿಯ ರೆಕಾರ್ಡಿಂಗ್ ಇದ್ದರೆ ತನ್ನಿ, ಎಲ್ಲಿಂದ ಎಲ್ಲಿಗೆ ಬರಬೇಕು ಅಂತ ನನಗೆ ಅಂದಾಜು ಸಿಗುತ್ತೆ" ಎಂದರು. ಮನೆಯಲ್ಲಿದ್ದ ಫೋನುಗಳನ್ನೆಲ್ಲ ಹುಡುಕಿದೆವು. ಹಸುವಿನ ವಿಡಿಯೋ ಇತ್ತು, ಹೊಸ ಬೋರ್‌ವೆಲ್‌ನಲ್ಲಿ ನೀರು ಚಿಮ್ಮಿದ್ದು ಇತ್ತು, ಯಾರದೋ ಮದುವೆಯ ಊಟದ ಸಾಲಿನಲ್ಲಿ ನಾನು ಕೈ ಅಡ್ಡ ಹಿಡಿದು ಬೇಡ ಎನ್ನುತ್ತಿರುವುದು ಇತ್ತು, ವಾಲಗದ ಗದ್ದಲದಲ್ಲಿ ನನ್ನ ತುಟಿ ಮಾತ್ರ ಆಡುತ್ತಿತ್ತು. ಇಷ್ಟು ವರ್ಷ ಊರಿಗೆಲ್ಲ ಕೇಳುವಂತೆ ಕೂಗಿದವಳ ಒಂದೇ ಒಂದು ಮಾತು ಎಲ್ಲಿಯೂ ಉಳಿದಿರಲಿಲ್ಲ.

ಮುಂದಿನ ಸಲ ಹೋದಾಗ ನನ್ನ ಗಂಡ ಮೇಡಂ ಎದುರು ಫೋನು ತೆಗೆದ. "ಸಿಕ್ತು ಮೇಡಂ" ಎಂದು ಒತ್ತಿದ. ಅದರಿಂದ "ಲಾಭ, ಎರಡು, ಮೂರು" ಎಂದು ಕೇಳಿಬಂತು. ಒಂದು ಗಳಿಗೆ ನಾನೂ ಮೋಸ ಹೋದೆ. ಆಮೇಲೆ ಹಿಂದೆ ಮೈದುನನ ಗೊರಗೊರ ಕೇಳಿಸಿತು. ನಾನು ಕೂಗುತ್ತಿದ್ದಾಗ ಮೈದುನ ಯಾವತ್ತೂ ಓಗೊಟ್ಟವನಲ್ಲ.

"ಇದು ನಿಮ್ಮ ದನಿಯಾ?" ಎಂದರು ಮೇಡಂ.

"ಥೇಟ್ ಹಿಂಗೇ ಇತ್ತು ಮೇಡಂ, ಕೂದಲೆಳೆ ವ್ಯತ್ಯಾಸ ಇಲ್ಲ" ಎಂದ ಗಂಡ. ತಾನೇನೋ ಜಾಣತನ ಮಾಡಿದೆ ಎಂದು ಅವನ ಮುಖ ಬೆಳಗುತ್ತಿತ್ತು.

ನಾನು ಅವನ ತೊಡೆ ಚಿವುಟಿದೆ. ನನ್ನ ಕಾಯಿಲೆಗೆ ಅವಳ ಗಂಟಲನ್ನು ಮಾದರಿ ಮಾಡಿ ಇಡುವುದೆಂದರೇನು? ಮೇಡಂ ಅದನ್ನು ಇನ್ನೊಮ್ಮೆ ಹಾಕಿ, ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಮೆಲ್ಲಗೆ, "ಮಾತಿಗೆ ಬೇಕಾದ ದನಿ ಬರುತ್ತೆ, ಖಂಡಿತ ಬರುತ್ತೆ. ಆದರೆ ಈ ಲಾಭ ಅನ್ನೋದರಲ್ಲಿ ಮೇಲಕ್ಕೆ ಹೋಗುತ್ತಲ್ಲ, ಅಷ್ಟು ಎತ್ತರಕ್ಕೆ ಹೋಗೋ ನರ ಬೇರೆ. ಅದು ಬರದೇ ಇರಬಹುದು" ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದೆ. ಅಳುವುದಕ್ಕೂ ಸದ್ದು ಬೇಕೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮಾತು ಬಂತು. ಹಸು ಬಿಚ್ಚಿಕೊಂಡು ಹುಲ್ಲಿನ ಮೆದೆಗೆ ಬಾಯಿ ಹಾಕಿದ್ದ ಒಂದು ಬೆಳಿಗ್ಗೆ, ಮರೆತು "ಏಯ್" ಎಂದೆ. ಸದ್ದು ಹೊರಗೆ ಬಂತು. ಒಡಕಲು, ತಗ್ಗು, ಗಂಡಸಿನದೋ ಹೆಂಗಸಿನದೋ ತಿಳಿಯದ ಸದ್ದು. ಹಸು ತಿರುಗಿಯೂ ನೋಡದೆ ಮೇಯುತ್ತಿತ್ತು. ಒಳಗಿನಿಂದ ವಾರಗಿತ್ತಿ "ಏಯ್!" ಎಂದಳು, ಹಸು ತಲೆಯೆತ್ತಿ ಕೊಟ್ಟಿಗೆಗೆ ನಡೆಯಿತು. ನಾನು ಆ ಹಸುವಿಗೆ ಆ ದಿನ ಹಿಂಡಿ ಇಡಲಿಲ್ಲ.

ಆಮೇಲೆ ದಿನದಿನಕ್ಕೂ ದನಿ ಗಟ್ಟಿಯಾಯಿತು. ಅಂಗಡಿಯಲ್ಲಿ ಸಾಮಾನು ಕೇಳುವಷ್ಟು, ಫೋನಿನಲ್ಲಿ ಮಾತಾಡುವಷ್ಟು, ಗಂಡನನ್ನು ಬೈಯುವಷ್ಟು. ಮುಂದಿನ ಕಾಯಿ ಬಿದ್ದಾಗ ಎಣಿಸುವವಳು ನಾನೇ ಎಂದು ತೀರ್ಮಾನ ಮಾಡಿದೆ. ಅಟ್ಟದಲ್ಲಿ ಹೋದ ವರ್ಷದ ಕಾಯಿ ಒಣಗಿ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಲೊಟಲೊಟ ಎನ್ನುತ್ತಿತ್ತು. ನಾನು ಎಣಿಸಿ ಏರಿಸಿದ ಕೊನೆಯ ಕಾಯಿಗಳು ಅವು. ಅವು ಕೆಳಗಿಳಿದು ಮಾರಾಟವಾಗುವುದರೊಳಗೆ ನನ್ನ ಜಾಗ ನನಗೆ ಬರಬೇಕು ಎಂಬ ಹಟ ಹಿಡಿಯಿತು.

ಆ ದಿನ ಅಂಗಳದಲ್ಲಿ ರಾಶಿ ಬಿದ್ದಾಗ, "ಇವತ್ತು ನಾನ್ ಎಣಿಸ್ತೀನಿ" ಎಂದೆ. ಗಂಡ, ಮೈದುನ ಮುಖ ಮುಖ ನೋಡಿಕೊಂಡರು. ವಾರಗಿತ್ತಿ ಪಕ್ಕಕ್ಕೆ ಸರಿದು, ಓಗೊಡುವ ಜಾಗದಲ್ಲಿ ನಿಂತಳು. ಗಂಡ ಮೊದಲ ಜೋಡಿ ಎತ್ತಿ ಎಸೆದ. ನಾನು ಕತ್ತೆತ್ತಿ, "ಲಾಭ" ಎಂದೆ.

ಮೇಲಕ್ಕೆ ಹೋಗಬೇಕಾದ ಕಡೆ ದನಿ ಸೀಳಿತು. ಸೀಳಿ ಕೆಳಗೆ ಬಿತ್ತು. ಆದರೂ ನಿಲ್ಲಿಸದೆ "ಎರಡು" ಎಂದೆ.

"ನಿಲ್ಸ್ರೋ!" ಜಗಲಿಯಿಂದ ಅತ್ತೆ ಕೋಲು ಕುಟ್ಟಿದರು. "ಯಾರೋ ಹೊರಗಿನೋಳ ಕೈಲಿ ಎಣಿಸ್ತಾ ಇದ್ದೀರಲ್ಲ, ಬುದ್ಧಿ ಐತಾ ನಿಮ್ಗೆ? ಲಾಭ ಅನ್ನೋ ಮಾತ್ನ ಬೇರೆಯೋರ ಬಾಯಲ್ಲಿ ಅನ್ನಿಸ್ತಾರೇನ್ಲಾ? ದೊಡ್ಡೋಳೆಲ್ಲಿ?"

ಗಂಡನ ಕೈಯಲ್ಲಿ ಮುಂದಿನ ಜೋಡಿ ಹಾಗೇ ಉಳಿಯಿತು. ನಾನು ವಾರಗಿತ್ತಿಯ ಕಡೆ ತಿರುಗಿದೆ. ಎಷ್ಟೋ ತಿಂಗಳು ಬಾಯಿಂದ ಬಾರದೆ ಉಳಿದದ್ದೆಲ್ಲ ಒಟ್ಟಿಗೆ ಬಂತು.

"ಹೇಳೇ! ನೀನ್ಯಾರು ಅಂತ ಹೇಳು ಅವರಿಗೆ. ನನ್ನ ದನಿ ತಗೊಂಡೆ, ನನ್ನ ಜಾಗ ತಗೊಂಡೆ, ಹೆಸ್ರೂ ಬೇಕಾಗಿತ್ತಾ ನಿನ್ಗೆ? ದೊಡ್ಡೋಳೆ ದೊಡ್ಡೋಳೆ ಅನ್ನಿಸ್ಕೊಂಡು ಓಡಾಡ್ತಾ ಇದ್ದೀಯಲ್ಲ, ಒಂದ್ ದಿನಾನಾದ್ರೂ ನಾನಲ್ಲ ಅತ್ತೆ ಅಂದಿದ್ದೀಯಾ?"

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಅವಳ ಕಣ್ಣಿನಲ್ಲಿ ಕೋಪವಿತ್ತು.

"ಅಂದಿದ್ದೀನಿ ಕಣಕ್ಕ. ದಿನಾ ಅಂದಿದ್ದೀನಿ. ತಮಾಷೆ ಮಾಡ್ಬ್ಯಾಡ ದೊಡ್ಡೋಳೆ ಅಂತಾರೆ. ನೀನ್ ನನ್ ಮ್ಯಾಲೆ ಹೊಟ್ಟೆ ಉರ್ಕೊಂಡಿದ್ದು ನಂಗೆ ಗೊತ್ತಿಲ್ವಾ? ನಂಗೂ ಉರೀತದೆ. ಎಣಿಸೋಳು ನಾನು, ಹೆಸ್ರು ನಿಂದು. ಬೆನ್ನು ತಿಕ್ಕೋಳು ನಾನು, ದೊಡ್ಡೋಳು ಚೆನ್ನಾಗಿರ್ಲಿ ಅಂತ ನಿಂಗೆ ಹರಸ್ತಾರೆ. ದಿನಾ ಉಣ್ಣೋವಾಗ ಏನ್ ಕೇಳ್ತಾರೆ ಗೊತ್ತಾ? ಚಿಕ್ಕೋಳು ಎಲ್ಲಿ, ತವರಿಗೆ ಹೋದೋಳು ಬರ್ಲೇ ಇಲ್ವಲ್ಲ, ನಾವೇನಾದ್ರೂ ಅಂದ್ವಾ ಅವಳ್ನ, ಅಂತ. ಎದುರಿಗೇ ತಟ್ಟೆ ಹಿಡ್ಕೊಂಡು ನಿಂತಿರ್ತೀನಿ. ಬತ್ತಾಳೆ ಬುಡಿ ಅತ್ತೆ ಅಂತೀನಿ. ನಿಂಗೆ ಗಂಟ್ಲು ಹೋಯ್ತು. ನಾನು ಪೂರ್ತಿ ಹೋಗ್ಬುಟ್ಟೆ ಕಣಕ್ಕ ಈ ಮನೇಲಿ."

ಅವಳ ಮೇಲೆ ಕನಿಕರ ಉಕ್ಕಿತು ಎಂದು ಬರೆದರೆ ಸುಳ್ಳಾಗುತ್ತದೆ. ಉರಿ ಹಾಗೇ ಇತ್ತು. ಸಿಟ್ಟಿನಲ್ಲಿ ಆಡಿದ ಆ ಮಾತೂ ಎಷ್ಟು ದುಂಡಗೆ, ಎಷ್ಟು ತುಂಬಿ ಬಂತಲ್ಲ ಎಂದು ಆಗಲೂ ಕರುಬಿದೆ. ಆದರೆ ಎದುರಿಗೇ ನಿಂತು ಇಲ್ಲದವಳಾಗುವುದು ಏನೆಂದು ನನಗೆ ಗೊತ್ತಿತ್ತು. ಅದು ಅವಳಿಗೂ ಗೊತ್ತಿದೆ ಎಂದು ಮಾತ್ರ ಗೊತ್ತಿರಲಿಲ್ಲ.

ಅತ್ತೆ ಜಗಲಿಯಿಂದ ಕತ್ತು ಚಾಚಿದರು. "ಯಾರವ್ವಾ ಅದು, ಆ ಒಡಕು ದನಿಯೋಳು? ಎಷ್ಟ್ ದಿನದಿಂದ ಕೇಳ್ತಾ ಇದ್ದೀನಿ, ಹೇಳ್ಬಾರದಾ?"

ನಾನು ಹತ್ತಿರ ಹೋಗಿ ಅವರ ಮಂಡಿ ಮುಟ್ಟಿದೆ.

"ಚಿಕ್ಕೋಳು ಕಣತ್ತೆ. ತವರಿಂದ ಬಂದೆ."

ನನ್ನ ಹಿಂದೆ ವಾರಗಿತ್ತಿ ಉಸಿರೆಳೆದುಕೊಂಡದ್ದು ಕೇಳಿಸಿತು. ಅತ್ತೆ ಎರಡೂ ಕೈಯಿಂದ ನನ್ನ ಮುಖ ತಡವಿದರು. ಕೆನ್ನೆ, ಗಲ್ಲ, ಕತ್ತು. ಕತ್ತಿನ ಅಡ್ಡ ಗೆರೆಯ ಮೇಲೆ ಅವರ ಬೆರಳು ಸ್ವಲ್ಪ ನಿಂತು ಮುಂದಕ್ಕೆ ಹೋಯಿತು.

"ಬಂದ್ಯಾ ತಾಯಿ? ಇಷ್ಟ್ ದಿನ ಯಾಕೆ ಮಾಡ್ದೆ? ಗಂಟ್ಲು ಯಾಕವ್ವಾ ಹಿಂಗಾಗೈತೆ, ಅಲ್ಲಿ ಬೋ ಅತ್ಬುಟ್ಯಾ?"

"ಹೂಂ ಅತ್ತೆ."

"ಹೋಗ್ಲಿ ಬುಡು, ಬಂದ್ಯಲ್ಲ. ದೊಡ್ಡೋಳು ಒಬ್ಳೇ ಎಣಿಸಿ ಎಣಿಸಿ ಸಾಕಾಗವ್ಳೆ. ಹೋಗು, ನಿನ್ ಜಾಗದಾಗೆ ನಿಂತ್ಕೊಂಡು ಓಗೊಡು. ಏ ದೊಡ್ಡೋಳೆ, ಮೊದಲಿಂದ ಶುರು ಮಾಡವ್ವಾ."

ಗಂಡ ಎಸೆದಿದ್ದ ಎರಡು ಜೋಡಿಯನ್ನೂ ರಾಶಿಗೆ ವಾಪಸು ಹಾಕಿದ. ನಾನು ವಾರಗಿತ್ತಿ ನಿಲ್ಲುತ್ತಿದ್ದ ಜಾಗದಲ್ಲಿ ನಿಂತೆ, ಅವಳು ನನ್ನ ಜಾಗದಲ್ಲಿ ನಿಂತಳು. ಶುರುಮಾಡುವ ಮೊದಲು ನನ್ನ ಮುಖ ನೋಡಿದಳು. ನಾನು ನೋಡಲಿಲ್ಲ. ಕಾಯಿ ಗಾಳಿಯಲ್ಲಿ ಹಾರಿತು, ಅವಳು ಕತ್ತೆತ್ತಿ "ಲಾಭ" ಎಂದಳು. ಎಳೆದು, ಮೇಲಕ್ಕೆ ಹತ್ತಿಸಿ, ಪಟ್ಟನೆ ಬಿಟ್ಟಳು. ನನ್ನ ದನಿ ಕೆರೆ ಏರಿಯವರೆಗೂ ಹೋಯಿತು.

ಅದಕ್ಕೆ ಓಗೊಡಬೇಕಾದವಳು ಈಗ ನಾನು. ಇರುವ ಗಂಟಲಿನಲ್ಲಿ, ಇರುವಷ್ಟು ಜೋರಾಗಿ, "ಲಾಭ" ಎಂದೆ.